ಖಾಲಿ ಚೀಲಗಳನ್ನು ವಾಪಸು ತರುವವರು ಯಾರು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆರ್‌ಎಂಎಸ್ (ರೈಲ್ವೆ ಅಂಚೆ ಸೇವೆ) ಟಪಾಲು ಸಾರ್ಟಿಂಗ್ ಮಾಡುತ್ತ ಮೂವತ್ತೊಂದು ವರ್ಷ ಕಳೆದು ನಿವೃತ್ತನಾದವನು ನಾನು. ಮೊಮ್ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮೊನ್ನೆ ಊಟಕ್ಕೆ ಕುಳಿತಾಗ, "ಅಜ್ಜಾ, ನಿನ್ನ ಸಾರ್ಟಿಂಗ್ ಕೆಲಸ ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ನಡೆಯುತ್ತದೆ, ಪ್ರೋಟೀನುಗಳೇ ಕೂಟ ಕಟ್ಟಿಕೊಂಡು ಮಾಡುತ್ತವೆ" ಎಂದಳು. ನಾನು ಮೂರು ಪ್ರಶ್ನೆ ಕೇಳಿದೆ. ವಿಳಾಸ ಎಲ್ಲಿ ಬರೆದಿರುತ್ತದೆ, ಓದುವವರು ಯಾರು? ತಪ್ಪು ಚೀಲಕ್ಕೆ ಬಿದ್ದದ್ದರ ಗತಿ ಏನು? ಖಾಲಿ ಚೀಲಗಳನ್ನು ವಾಪಸು ತರುವವರು ಯಾರು? ಮೊದಲೆರಡಕ್ಕೆ ಏನೋ ಹೇಳಿದಳು, ಮೂರನೆಯದಕ್ಕೆ ನಕ್ಕುಬಿಟ್ಟಳು. ಒಮ್ಮೆ ಘಟ್ಟದಲ್ಲಿ ಮಳೆಗೆ ಹಳಿಯ ಮೇಲೆ ಮಣ್ಣು ಕುಸಿದು ನಮಗೆ ಖಾಲಿ ಚೀಲಗಳು ಬರಲಿಲ್ಲ. ಮೂರನೆಯ ದಿನಕ್ಕೆ ವಿಂಗಡಿಸಿದ ಪತ್ರಗಳೆಲ್ಲ ನೆಲದ ಮೇಲೆ ರಾಶಿ ಬಿದ್ದಿದ್ದವು. ಅದಕ್ಕೇ ಕೇಳಿದ್ದು. ಇನ್ನೊಂದು ಮಾತು: ಹರಿದ ಚೀಲ ಹೊಲಿಯುವವರೂ ಅಲ್ಲಿ ಇದ್ದಾರೆಯೇ?

ಉತ್ತರ: ಮೂರರಲ್ಲಿ ತೂಕದ ಪ್ರಶ್ನೆ ಮೂರನೆಯದೇ. ಮೊಮ್ಮಗಳು ನಕ್ಕಳೆಂದು ಬೇಸರಪಟ್ಟುಕೊಳ್ಳಬೇಡಿ, ನನಗೂ ಅದು ತಾನಾಗಿ ಹೊಳೆದದ್ದಲ್ಲ. ಧಾರವಾಡದಲ್ಲಿ ಪಾಠ ಹೇಳಲು ಸೇರಿದ ಎರಡನೆಯ ವರ್ಷ, ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದು ಬಾಣಗಳನ್ನು ಎಳೆದಿದ್ದೆ. ಪ್ರೋಟೀನ್ ತಯಾರಾಗುವ ಇ.ಆರ್. ಜಾಲದಿಂದ, ಬಂದದ್ದನ್ನು ವಿಂಗಡಿಸುವ ಗಾಲ್ಜಿಗೆ ಒಂದು ಬಾಣ, ಗಾಲ್ಜಿಯಿಂದ ಹೊರಪೊರೆಗೆ ಒಂದು, ಲೈಸೋಸೋಮಿಗೆ ಮತ್ತೊಂದು. ನವಲಗುಂದದ ಕಡೆಯ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು, "ಮೇಡಂ, ಬಾಣಗಳೆಲ್ಲ ಹೊರಗೇ ಹೊರಟಿವೆ. ಹೀಗೇ ಆದರೆ ಇ.ಆರ್. ಒಂದು ದಿನ ಮುಗಿದು ಹೋಗುವುದಿಲ್ಲವೇ?" ಎಂದಳು. ಅವಳ ಮನೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ಬಂದ ಡಬ್ಬಿ ಮನೆಗೆ ವಾಪಸು ಹೋಗದಿದ್ದರೆ ಮರುವಾರ ಜೋಳ ಬರುವುದಿಲ್ಲ ಎಂಬುದು ಅವಳಿಗೆ ಪುಸ್ತಕ ಓದದೆಯೇ ಗೊತ್ತಿತ್ತು. ಆ ದಿನ ನಾನು ಹಾರಿಕೆಯ ಉತ್ತರ ಕೊಟ್ಟು ಗಂಟೆ ಬಾರಿಸುವುದನ್ನು ಕಾದೆ. ಮರುದಿನ ಹಿಂದಕ್ಕೆ ಬರುವ ಬಾಣಗಳನ್ನೂ ಬರೆದೆ.

ಮೊದಲು ಅಳತೆ ಹಿಡಿಯೋಣ. ನಮ್ಮ ಮೈಯ ಸಾಧಾರಣ ಜೀವಕೋಶ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿರುತ್ತದೆ ಎಂದುಕೊಳ್ಳಿ. ಅದನ್ನು ಹಿಗ್ಗಿಸಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರಂನ ಉದ್ದಕ್ಕೆ ತಂದರೆ, ಒಳಗೆ ಸರಕು ಒಯ್ಯುವ ಪೊರೆಯ ಗುಳ್ಳೆ ಸುಮಾರು ಆರು ಮೀಟರ್ ಅಗಲವಾಗುತ್ತದೆ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣ ಒಬ್ಬ ಆಳಿನಷ್ಟು ಎತ್ತರ. ವಿಳಾಸ ಓದುವ ಪ್ರೋಟೀನ್ ಕೂಟ ಮುಕ್ಕಾಲು ಮೀಟರ್, ಅಂದರೆ ತುಂಬಿದ ಒಂದು ಟಪಾಲು ಚೀಲದಷ್ಟು. ಎಲುಬು, ಚರ್ಮಗಳಿಗೆ ಗಟ್ಟಿತನ ಕೊಡುವ ಕೊಲಾಜನ್ ಮಾತ್ರ ಒಂದು ಇಡೀ ಬೋಗಿಯಷ್ಟು ಉದ್ದದ, ಬಗ್ಗದ ಕೋಲು. ಆರು ಮೀಟರ್ ಗುಳ್ಳೆಯಲ್ಲಿ ಬೋಗಿಯುದ್ದದ ಕೋಲು ಹಿಡಿಸುವುದು ಹೇಗೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದಕ್ಕೆಂದೇ ಟ್ಯಾಂಗೋ-1 ಎಂಬ ಪ್ರೋಟೀನ್ ಇದೆ. ಇ.ಆರ್. ಬಾಗಿಲಲ್ಲಿ ಕೂತು ಕೊಲಾಜನ್ನಿಗಾಗಿ ಬಾಗಿಲನ್ನೇ ಹಿಗ್ಗಿಸುತ್ತದೆ. ಅದರದೇ ಒಂದು ದೊಡ್ಡ ಕತೆ, ಇನ್ನೊಮ್ಮೆ ಬರೆಯುತ್ತೇನೆ.

ಈಗ ವಿಳಾಸ. ಭಾರತದಲ್ಲಿ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 580 ಎಂದರೆ ಹುಬ್ಬಳ್ಳಿ–ಧಾರವಾಡ, 581 ಎಂದರೆ ಹಾವೇರಿ ಮತ್ತು ಕಾರವಾರದ ಕಡೆ, 582 ಎಂದರೆ ಗದಗ; ನಿಮಗೆ ಇದನ್ನು ಹೇಳಬೇಕಾಗಿಲ್ಲ. ಅದರ ಹಿಂದಿನ ವರ್ಷವೇ ನ್ಯೂಯಾರ್ಕಿನಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಾಟಿನಿ, ಪ್ರೋಟೀನ್ ಎಲ್ಲಿಗೆ ಹೋಗಬೇಕೆಂಬುದು ಆ ಪ್ರೋಟೀನಿನ ಮೈಯಲ್ಲೇ ಬರೆದಿರುತ್ತದೆ ಎಂಬ ಊಹೆಯನ್ನು ಮುಂದಿಟ್ಟಿದ್ದರು. ಆ ಊಹೆಯನ್ನು ಪ್ರಯೋಗದಿಂದ ಗಟ್ಟಿಮಾಡಿದ್ದಕ್ಕೆ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರ. ಸರದ ಯಾವುದೋ ಒಂದು ತುಣುಕು ವಿಳಾಸವಾಗಿರುತ್ತದೆ. ಇ.ಆರ್.ನಲ್ಲೇ ಉಳಿಯಬೇಕಾದ ಪ್ರೋಟೀನಿನ ಬಾಲದ ತುದಿಯಲ್ಲಿ ಕೆ, ಡಿ, ಇ, ಎಲ್ ಎಂಬ ಒಂದಕ್ಷರದ ಹೆಸರಿನ ನಾಲ್ಕು ಮಣಿಗಳು ಸಾಲಾಗಿರುತ್ತವೆ. ಆ ನಾಲ್ಕನ್ನು ಕತ್ತರಿಸಿದರೆ ಪ್ರೋಟೀನ್ ಮನೆಬಿಟ್ಟು ಹೊರಗೆ ಹೋಗುತ್ತದೆ ಎಂದು ಮನ್ರೋ ಮತ್ತು ಪೆಲ್ಹಾಮ್ 1987ರಲ್ಲಿ ತೋರಿಸಿದರು. ನಾಲ್ಕೇ ಅಕ್ಷರ, ಆರಂಕಿಯ ಪಿನ್‌ಕೋಡಿಗಿಂತ ಚಿಕ್ಕದು.

ಎಲ್ಲ ವಿಳಾಸವೂ ಇಷ್ಟು ಸರಳವಲ್ಲ. ಲೈಸೋಸೋಮ್ ಎಂಬುದು ಕೋಶದ ತಿಪ್ಪೆಗುಂಡಿ. ತಿಪ್ಪೆ ಎಂದರೆ ರೈತರ ಅರ್ಥದಲ್ಲಿ ಹೇಳುತ್ತಿದ್ದೇನೆ, ಹಾಕಿದ್ದನ್ನೆಲ್ಲ ಕೊಳೆಸಿ ಮತ್ತೆ ಗೊಬ್ಬರವಾಗಿ ಕೊಡುವ ಜಾಗ. ಅಲ್ಲಿ ಕೆಲಸ ಮಾಡುವ ಕಿಣ್ವಗಳಿಗೆ ಅಕ್ಷರದ ವಿಳಾಸ ಇಲ್ಲ. ಗಾಲ್ಜಿಯಲ್ಲಿರುವ ಒಂದು ಕಿಣ್ವ ಅವುಗಳ ಮುಖಲಕ್ಷಣ ನೋಡಿ ಗುರುತಿಸಿ, ಮೈಮೇಲಿನ ಮ್ಯಾನೋಸ್ ಸಕ್ಕರೆಗೆ ಒಂದು ಫಾಸ್ಫೇಟ್ ಗುಂಪನ್ನು ಅಂಟಿಸುವ ಏರ್ಪಾಡು ಮಾಡುತ್ತದೆ. ಅಂಚೆ ಕಚೇರಿಯಲ್ಲಿ ಅರಗಿನ ಮೇಲೆ ಮುದ್ರೆ ಒತ್ತುವಂತೆ. ಮ್ಯಾನೋಸ್-6-ಫಾಸ್ಫೇಟ್ ಎಂಬ ಈ ಮುದ್ರೆ ಇದ್ದದ್ದು ಲೈಸೋಸೋಮಿಗೆ, ಇಲ್ಲದ್ದು ಹೊರಗೆ.

ಇದು ಗೊತ್ತಾದದ್ದು ಮಕ್ಕಳ ಒಂದು ಕಾಯಿಲೆಯಿಂದ. ಐ-ಸೆಲ್ ಕಾಯಿಲೆಯ ಮಕ್ಕಳ ಕೋಶಗಳಲ್ಲಿ ಅರಗದ ಕಸ ಗಂಟುಗಂಟಾಗಿ ತುಂಬಿರುತ್ತದೆ. ಲೈಸೋಸೋಮಿನಲ್ಲಿ ಇರಬೇಕಾದ ಕಿಣ್ವಗಳು ಅಲ್ಲಿ ಇಲ್ಲ. ಆದರೆ ಅದೇ ಮಗುವಿನ ರಕ್ತದಲ್ಲಿ ಆ ಕಿಣ್ವಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ತೇಲುತ್ತಿರುತ್ತವೆ. ತಯಾರಿ ಸರಿಯಾಗಿದೆ, ರವಾನೆ ತಪ್ಪಿದೆ. 1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಒಂದು ಜಾಣತನದ ಅದಲುಬದಲು ಮಾಡಿದರು. ಆರೋಗ್ಯವಂತ ಕೋಶಗಳು ಬಿಟ್ಟ ಕಿಣ್ವವನ್ನು ಕಾಯಿಲೆಯ ಕೋಶಗಳಿಗೆ ಕೊಟ್ಟರೆ ಅವು ಒಳಗೆ ತೆಗೆದುಕೊಂಡವು. ಕಾಯಿಲೆಯ ಕೋಶಗಳ ಕಿಣ್ವವನ್ನು ಆರೋಗ್ಯವಂತ ಕೋಶಗಳಿಗೆ ಕೊಟ್ಟರೆ ಅವು ಮುಟ್ಟಲಿಲ್ಲ. ಅಂದಮೇಲೆ ಬಾಗಿಲಲ್ಲಿ ತಪ್ಪಿಲ್ಲ, ಲಕೋಟೆಯ ಮೇಲೆ ಮುದ್ರೆ ಇಲ್ಲ. ಮುದ್ರೆ ಯಾವುದೆಂದು ತಿಳಿದದ್ದು 1977ರಲ್ಲಿ. ಭಾರತ ಪಿನ್‌ಕೋಡ್ ತಂದ ವರ್ಷವೇ ಕೋಶದ ವಿಳಾಸದ ಸುಳಿವು ಸಿಕ್ಕಿದ್ದು ನನಗೆ ಹೇಳಿಕೊಳ್ಳಲು ಖುಷಿ ಕೊಡುವ ಕಾಕತಾಳೀಯ.

ಖುಷಿಯಲ್ಲದ ಮಾತನ್ನೂ ಇಲ್ಲೇ ಹೇಳಬೇಕು. ಈ ಕಾಯಿಲೆ ಬರುವುದು ಮುದ್ರೆ ಒತ್ತುವ ಕಿಣ್ವದ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಮನೆಗಳು ಇನ್ನೂ ಬಹಳ ಇವೆ. ಒಂದೇ ಅಜ್ಜ ಅಜ್ಜಿಯಿಂದ ಬಂದ ಕೆಟ್ಟ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಸೇರುವ ಸಂಭವ ಅಂಥ ಸಂಬಂಧಗಳಲ್ಲಿ ಜಾಸ್ತಿ. ಮನೆಯಲ್ಲಿ ಒಂದು ಮಗು ಹೀಗೆ ಹೋಗಿದ್ದರೆ, ಮುಂದಿನ ಬಸಿರಿಗೆ ಮೊದಲು ವಂಶವಾಹಿ ತಜ್ಞರನ್ನು ಕಾಣಿರಿ. ಬಸಿರಿನಲ್ಲೇ ಪರೀಕ್ಷಿಸಲು ದಾರಿ ಇದೆ. ದೇವರ ಮೇಲೆ, ಸೊಸೆಯ ಮೇಲೆ ಹಾಕಿ ಸುಮ್ಮನಿರಬೇಡಿ.

ಇನ್ನು ಓದುವವರು. ಸಾರ್ಟಿಂಗ್ ಬಲ್ಲವರಿಗೆ ಇಲ್ಲೊಂದು ತೊಡಕು ಕೂಡಲೇ ಕಾಣುತ್ತದೆ. ಸರಕು ಪೊರೆಯ ಒಳಗಿದೆ, ಓದುವ ಪ್ರೋಟೀನ್ ಕೂಟ ಪೊರೆಯ ಹೊರಗಿದೆ. ಕಟ್ಟಿದ ಚೀಲದೊಳಗಿನ ಕಾಗದದ ಮೇಲಿನ ವಿಳಾಸವನ್ನು ಹೊರಗೆ ನಿಂತವನು ಓದುವುದು ಹೇಗೆ? ಅದಕ್ಕೆ ನಡುವೆ ಗ್ರಾಹಕ ಎಂಬ ಪ್ರೋಟೀನ್ ಇದೆ. ಪೊರೆಯನ್ನು ತೂರಿಕೊಂಡು ನಿಂತಿರುತ್ತದೆ, ಒಳಗಿನ ತಲೆಯಿಂದ ಸರಕನ್ನು ಹಿಡಿದಿರುತ್ತದೆ, ಹೊರಗೆ ಬಾಲ ಚಾಚಿರುತ್ತದೆ. ಬಾಲದ ಮೇಲೆ ಇನ್ನೊಂದು ವಿಳಾಸ. ಹೊರಗಿನವರು ಓದುವುದು ಬಾಲವನ್ನು.

ಓದುವವರಲ್ಲಿ ಹೆಸರುವಾಸಿಯಾದದ್ದು ಎಪಿ-2. ನಾಲ್ಕು ಪ್ರೋಟೀನುಗಳು ಸೇರಿ ಆದ ಕೂಟ, ಕೆಲಸ ಹೊರಪೊರೆಯ ಹತ್ತಿರ; ಅಲ್ಲಿ ಗ್ರಾಹಕದ ತಲೆ ಕೋಶದ ಹೊರಗೆ, ಬಾಲ ಕೋಶದ ಒಳಗೆ. ಅದರ ಅಣ್ಣತಮ್ಮಂದಿರಾದ ಎಪಿ-1 ಗಾಲ್ಜಿಯ ಕಡೆ, ಎಪಿ-3 ಲೈಸೋಸೋಮಿನ ದಾರಿಯಲ್ಲಿ. ಎಪಿ-4, ಎಪಿ-5 ಕೂಡ ಇವೆ. ಎಪಿ-2 ಹುಡುಕುವುದು ಬಾಲದಲ್ಲಿ ಟೈರೋಸಿನ್ ಎಂಬ ಮಣಿ, ಆಮೇಲೆ ಯಾವುದಾದರೂ ಎರಡು, ಕೊನೆಗೆ ನೀರನ್ನು ಒಲ್ಲದ ದಪ್ಪನೆಯ ಒಂದು ಮಣಿ. ಆದರೆ ಕೋಶರಸದಲ್ಲಿ ತೇಲುವಾಗ ಅದರ ಬಾಯಿ ಮುಚ್ಚಿರುತ್ತದೆ. ಹೊರಪೊರೆಯ ಒಳಮುಖದಲ್ಲಿ ಮಾತ್ರ ಹೇರಳವಾಗಿರುವ ಒಂದು ಬಗೆಯ ಕೊಬ್ಬಿನ ಅಣು ಇದೆ. ಅದನ್ನು ಮುಟ್ಟಿದರಷ್ಟೇ ಬಾಯಿ ತೆರೆದು ಬಾಲವನ್ನು ಹಿಡಿಯುತ್ತದೆ. ಜಾಗ ಸರಿಯೇ, ವಿಳಾಸ ಸರಿಯೇ, ಎರಡೂ ಸಾಕ್ಷಿ ಕೂಡಿದ ಮೇಲೆ ಕೆಲಸ. ನಿಮ್ಮ ಸೆಕ್ಷನ್ನಿನ ಟಪಾಲನ್ನು ಬಿಟ್ಟು ಪಕ್ಕದವರ ಚೀಲ ಬಿಚ್ಚಲು ನಿಮಗೆ ಅಧಿಕಾರ ಇರಲಿಲ್ಲವಷ್ಟೇ.

ಹಿಡಿದ ಮೇಲೆ ಎಪಿ-2 ಕ್ಲಾಥ್ರಿನ್ ಎಂಬ ಮೂರು ಕಾಲಿನ ಪ್ರೋಟೀನನ್ನು ಕರೆಯುತ್ತದೆ. ಕಾಲಿಗೆ ಕಾಲು ಹೆಣೆದು ಫುಟ್‌ಬಾಲಿನ ಮೇಲಿನಂಥ ಐದು ಮೂಲೆ, ಆರು ಮೂಲೆಯ ಮನೆಗಳ ಬುಟ್ಟಿಯಾಗುತ್ತದೆ. ಬಾರ್ಬರಾ ಪಿಯರ್ಸ್ ಎಪ್ಪತ್ತರ ದಶಕದ ನಡುವೆ ಹಂದಿಯ ಮೆದುಳಿನಿಂದ ಇದನ್ನು ಬೇರ್ಪಡಿಸಿದರು. ಬುಟ್ಟಿಗೆ ಅಕ್ಷರ ಬಾರದು, ಓದುವುದೆಲ್ಲ ಎಪಿ-2ರ ಪಾಲಿನದು.

ನಿಮ್ಮ ಕೆಲಸಕ್ಕೂ ಕೋಶದ ಕೆಲಸಕ್ಕೂ ಹೋಲಿಕೆ ತಪ್ಪುವುದು ಇಲ್ಲೇ. ಮೊಮ್ಮಗಳ ಪುಸ್ತಕ ಇದನ್ನು ಹೇಳದೆ ಇದ್ದರೆ ನಾನು ಹೇಳುತ್ತೇನೆ. ಸಾರ್ಟಿಂಗ್ ಕಚೇರಿಯಲ್ಲಿ ಚೀಲ ಮೊದಲೇ ಬಾಯಿ ತೆರೆದುಕೊಂಡು ನೇತಾಡುತ್ತಿರುತ್ತದೆ, ನೀವು ಓದಿ ಎಸೆಯುತ್ತೀರಿ. ಕೋಶದಲ್ಲಿ ಖಾಲಿ ಗುಳ್ಳೆ ಯಾರಿಗಾಗಿಯೂ ಕಾಯುವುದಿಲ್ಲ. ವಿಳಾಸ ಓದುವ ಕೈಗಳು ಒಂದೆಡೆ ಸೇರಿದಂತೆ ಆ ಜಾಗದ ಪೊರೆಯೇ ಕುಳಿಬಿದ್ದು, ಆಳವಾಗಿ, ಕುತ್ತಿಗೆ ಸಣ್ಣಗಾಗಿ, ಕಳಚಿ ಚೀಲವಾಗುತ್ತದೆ. ಓದುವುದೂ ಚೀಲ ಹೊಲಿಯುವುದೂ ಒಂದೇ ಕೆಲಸ. ಒಂದೊಂದು ಕೈಯ ಹಿಡಿತ ಬಹಳ ಸಡಿಲ. ನೂರಾರು ಕೈ ಸೇರಿದಾಗ ಮಾತ್ರ ಬಿಗಿ. ಹಾಗಿರುವುದರಿಂದಲೇ ಗುಳ್ಳೆ ಕಳಚಿದ ಕೂಡಲೇ ಬುಟ್ಟಿಯನ್ನು ಬಿಚ್ಚಿ ಹಾಕುವುದು ಸುಲಭ.

ಬಾಲದ ಒಂದೇ ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೊಲೆಸ್ಟರಾಲಿನ ಕತೆಯೇ ಸಾಕು. ಎಲ್‌ಡಿಎಲ್ ಕಣವನ್ನು ರಕ್ತದಿಂದ ಹಿಡಿಯುವ ಗ್ರಾಹಕವನ್ನು ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅಭ್ಯಾಸ ಮಾಡುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗುವ ಮನೆತನಗಳಲ್ಲಿ ಹೆಚ್ಚಿನವರಿಗೆ ಈ ಗ್ರಾಹಕವೇ ಇರಲಿಲ್ಲ, ಇಲ್ಲವೇ ಅದಕ್ಕೆ ಎಲ್‌ಡಿಎಲ್ ಹಿಡಿಯಲು ಬರುತ್ತಿರಲಿಲ್ಲ. ಒಬ್ಬ ರೋಗಿಯ ಕೋಶಗಳು ಮಾತ್ರ ಬೇರೆ. ಗ್ರಾಹಕ ಇದೆ, ಎಲ್‌ಡಿಎಲ್ ಹಿಡಿದುಕೊಳ್ಳುತ್ತದೆ, ಒಳಗೆ ಮಾತ್ರ ಒಯ್ಯುವುದಿಲ್ಲ. ಕ್ಲಾಥ್ರಿನ್ ಕುಳಿಗಳಲ್ಲಿ ಗುಂಪಾಗಬೇಕಾದ ಗ್ರಾಹಕಗಳು ಪೊರೆಯ ಮೇಲೆಲ್ಲ ಚದುರಿ ನಿಂತಿದ್ದವು. ಕೊನೆಗೆ 1986ರಲ್ಲಿ ಕಾರಣ ಸಿಕ್ಕಿತು. ಬಾಲದ 807ನೆಯ ಮಣಿ ಟೈರೋಸಿನ್ ಆಗಿರುವ ಬದಲು ಸಿಸ್ಟೀನ್ ಆಗಿತ್ತು. ಎಂಟುನೂರಕ್ಕೂ ಹೆಚ್ಚು ಮಣಿಗಳ ಸರದಲ್ಲಿ ಒಂದು ಮಣಿ! ಬ್ರೌನ್, ಗೋಲ್ಡ್‌ಸ್ಟೀನ್ ಅವರಿಗೆ ಅದಾಗಲೇ 1985ರಲ್ಲಿ ನೊಬೆಲ್ ಬಂದಿತ್ತು.

ಎರಡನೆಯ ಪ್ರಶ್ನೆ, ತಪ್ಪಿ ಬಿದ್ದವುಗಳ ಗತಿ. ಕೋಶ ತಪ್ಪೇ ಆಗದಂತೆ ನೋಡಿಕೊಳ್ಳಲು ಹೆಣಗುವುದಿಲ್ಲ. ತಪ್ಪಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ದಾರಿಯುದ್ದಕ್ಕೂ ಕಾವಲು ಇಟ್ಟಿರುತ್ತದೆ. ಇ.ಆರ್. ಬಿಟ್ಟು ಗಾಲ್ಜಿಗೆ ಬಂದುಬಿಟ್ಟ ಕೆ-ಡಿ-ಇ-ಎಲ್ ಬಾಲದವುಗಳನ್ನು ಅಲ್ಲಿಯ ಗ್ರಾಹಕ ಹಿಡಿದು ಕಾಪ್-1 ಎಂಬ ಕೂಟದ ಗುಳ್ಳೆಯಲ್ಲಿ ವಾಪಸು ಕಳಿಸುತ್ತದೆ. ಗಾಲ್ಜಿಯ ಒಳಗೆ ಸ್ವಲ್ಪ ಹುಳಿ, ಇ.ಆರ್. ಒಳಗೆ ಹುಳಿಯಿಲ್ಲ. ಹುಳಿಯಲ್ಲಿ ಹಿಡಿ, ಹುಳಿ ಇಲ್ಲದ ಕಡೆ ಬಿಡು, ಇಷ್ಟೇ ಆ ಗ್ರಾಹಕಕ್ಕೆ ಗೊತ್ತು. ಲೈಸೋಸೋಮಿಗೆ ಹೋಗಬೇಕಾಗಿದ್ದ ಕಿಣ್ವವೇನಾದರೂ ಕೋಶದಿಂದ ಹೊರಗೇ ಸೋರಿಹೋದರೆ, ಹೊರಪೊರೆಯ ಮೇಲೂ ಮ್ಯಾನೋಸ್-6-ಫಾಸ್ಫೇಟ್ ಗುರುತಿಸುವ ಗ್ರಾಹಕಗಳು ಕಾಯುತ್ತಿರುತ್ತವೆ, ಹಿಡಿದು ಒಳಗೆಳೆಯುತ್ತವೆ. ನ್ಯೂಫೆಲ್ಡ್ ಪ್ರಯೋಗದಲ್ಲಿ ಕಾಯಿಲೆಯ ಕೋಶಗಳು ಹೊರಗಿನ ಕಿಣ್ವವನ್ನು ತೆಗೆದುಕೊಂಡದ್ದು ಈ ಹಿತ್ತಲ ಬಾಗಿಲಿನಿಂದ. ಲೈಸೋಸೋಮಿನ ಒಂದು ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುವ ಪಾಂಪೆ ಕಾಯಿಲೆಯವರಿಗೆ ಇವತ್ತು ಕಿಣ್ವವನ್ನು ರಕ್ತನಾಳಕ್ಕೆ ಕೊಟ್ಟರೆ ಅದು ಸ್ನಾಯುವಿನ ಲೈಸೋಸೋಮ್ ತಲುಪುವುದೂ ಇದೇ ಬಾಗಿಲಿನಿಂದ. ತಪ್ಪು ತಿದ್ದಲು ಇಟ್ಟ ದಾರಿ ಔಷಧಿಯ ದಾರಿಯಾಯಿತು.

ಈಗ ಚೀಲಗಳ ಮಾತಿಗೆ ಬರೋಣ. ಕೋಶದಲ್ಲಿ ಚೀಲ ಎಂದರೆ ಎರಡು: ಪೊರೆ ಮತ್ತು ಗ್ರಾಹಕ. ಎರಡೂ ದುಬಾರಿ ಮಾಲು. ನಮ್ಮ ಮೈಯ ಕಸ ನುಂಗುವ ಮ್ಯಾಕ್ರೋಫೇಜ್ ಕೋಶ ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ತನ್ನ ಹೊರಪೊರೆಯ ನೂರಕ್ಕೆ ಮೂರು ಪಾಲನ್ನು ಒಳಗೆಳೆದುಕೊಳ್ಳುತ್ತಿರುತ್ತದೆ. ಅರ್ಧ ಗಂಟೆಯಲ್ಲಿ ಮೈಯ ತೊಗಲಷ್ಟೂ ಒಳಗೆ ಹೋದ ಲೆಕ್ಕ. ಆದರೂ ಕೋಶ ಕುಗ್ಗುವುದಿಲ್ಲ. ಒಳಗೆ ಹೋದದ್ದರಲ್ಲಿ ಬಹುಪಾಲು ವಾಪಸು ಬರುತ್ತದೆ. ಎಲ್‌ಡಿಎಲ್ ಗ್ರಾಹಕ ಹತ್ತು ನಿಮಿಷಕ್ಕೊಂದು ಸುತ್ತು ಹಾಕುತ್ತದೆ, ತನ್ನ ಆಯುಷ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ. ತುಂಬಿಕೊಂಡು ಒಳಗೆ, ಖಾಲಿಯಾಗಿ ಹೊರಗೆ.

ಹಾಗಾದರೆ ತುಂಬಿದ್ದನ್ನೂ ಖಾಲಿಯನ್ನೂ ಬೇರೆ ಮಾಡುವ ಜಾಗ ಯಾವುದು? ಎಂಡೋಸೋಮ್ ಎಂಬ ನಡುದಾರಿಯ ನಿಲ್ದಾಣ. ಅದರ ಒಳಗೆ ಹುಳಿ ಏರಿದಂತೆ ಗ್ರಾಹಕದ ಹಿಡಿತ ಸಡಿಲಿ ಸರಕು ಒಳರಸಕ್ಕೆ ಬೀಳುತ್ತದೆ, ಗ್ರಾಹಕ ಪೊರೆಯಲ್ಲೇ ಉಳಿಯುತ್ತದೆ. ಆಮೇಲಿನ ಹಂತ ನನಗೆ ಇಡೀ ವಿಷಯದಲ್ಲೇ ಪ್ರೀತಿಯದು. ಎಂಡೋಸೋಮಿನ ದುಂಡು ಮೈಯಿಂದ ಸಪೂರ ಕೊಳವೆಗಳು ಹೊರಡುತ್ತವೆ. ನಮ್ಮ ಮನೆಗಳಲ್ಲಿ ಬೇಸಗೆಯಲ್ಲಿ ಶಾವಿಗೆ ಮಾಡುವುದನ್ನು ನೆನೆಸಿಕೊಳ್ಳಿ. ಹಿಟ್ಟನ್ನು ಉಂಡೆಯಾಗಿ ಬಿಟ್ಟರೆ ಮೂರು ದಿನವಾದರೂ ಒಳಗೆ ಹಸಿ. ಅದೇ ಹಿಟ್ಟನ್ನು ಎಳೆ ಎಳೆಯಾಗಿ ಹೊಸೆದು ಕೋಲಿನ ಮೇಲೆ ಹಾಕಿದರೆ ಸಂಜೆಗೆ ಟಣಟಣ ಒಣಗಿರುತ್ತದೆ. ಎಳೆಯಲ್ಲಿ ಹೊರಮೈ ಹೆಚ್ಚು, ಒಡಲು ಕಡಿಮೆ. 400 ನ್ಯಾನೋಮೀಟರ್ ಅಗಲದ ದುಂಡು ಎಂಡೋಸೋಮಿಗೂ 50 ನ್ಯಾನೋಮೀಟರ್ ಅಗಲದ ಕೊಳವೆಗೂ ಲೆಕ್ಕ ಹಾಕಿದರೆ, ಅಷ್ಟೇ ಒಡಲಿಗೆ ಕೊಳವೆಯ ಪೊರೆ ಐದು ಪಟ್ಟಿಗೂ ಹೆಚ್ಚು. ಆದ್ದರಿಂದ ಪೊರೆಗೆ ಅಂಟಿಕೊಂಡ ಖಾಲಿ ಗ್ರಾಹಕಗಳು ಕೊಳವೆಗಳಿಗೆ ಸರಿಯುತ್ತವೆ, ರಸದಲ್ಲಿ ಕರಗಿದ ಸರಕು ದುಂಡು ಒಡಲಲ್ಲೇ ಉಳಿಯುತ್ತದೆ. ಅರ್ಧ ವಿಂಗಡಣೆಯನ್ನು ಯಾರೂ ಏನೂ ಓದದೆ ಆಕಾರವೇ ಮಾಡಿ ಮುಗಿಸುತ್ತದೆ.

ಉಳಿದರ್ಧಕ್ಕೆ ಓದುಬರಹ ಬಲ್ಲವರು ಬೇಕು. ಅವರ ಪತ್ತೆ ಆದದ್ದು ಬೇಕರಿಯ ಯೀಸ್ಟಿನಲ್ಲಿ. ಯೀಸ್ಟಿನ ಲೈಸೋಸೋಮಿಗೆ ವ್ಯಾಕ್ಯೂಲ್ ಎಂದು ಹೆಸರು, ಅಲ್ಲಿಗೆ ಹೋಗುವ ಒಂದು ಕಿಣ್ವ ಸಿಪಿವೈ. ಅದರ ವಿಳಾಸ ಕ್ಯೂ, ಆರ್, ಪಿ, ಎಲ್ ಎಂಬ ನಾಲ್ಕು ಮಣಿ. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಕಾಟ್ ಎಮ್ರ್ ಮತ್ತು ಟಾಮ್ ಸ್ಟೀವನ್ಸ್ ಅವರ ಪ್ರಯೋಗಾಲಯಗಳು ಸಿಪಿವೈಯನ್ನು ವ್ಯಾಕ್ಯೂಲಿಗೆ ಕಳಿಸದೆ ಬೀದಿಗೆ ಚೆಲ್ಲುವ ಕೆಟ್ಟ ತಳಿಗಳನ್ನು ಹುಡುಕಿದವು. ಹುಡುಕುವ ಬಗೆ ಸರಳ, ಸಂಶೋಧನೆಯ ದಿನಗಳಲ್ಲಿ ನಾನೂ ಮಾಡಿದ್ದೇನೆ. ತಟ್ಟೆಯಲ್ಲಿ ಯೀಸ್ಟ್ ಚುಕ್ಕೆಚುಕ್ಕೆಯಾಗಿ ಬೆಳೆದಿರುತ್ತದೆ. ಅದರ ಮೇಲೆ ಬಿಳಿಯ ನೈಟ್ರೋಸೆಲ್ಯುಲೋಸ್ ಹಾಳೆಯನ್ನು ಗುಳ್ಳೆ ಏಳದಂತೆ ಹಾಸಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಹಾಳೆ ಎತ್ತಿದರೆ ಬ್ರೆಡ್ಡಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಂಟಿದ ಯೀಸ್ಟನ್ನು ನೀರಿನಲ್ಲಿ ತೊಳೆದು, ಸಿಪಿವೈಯನ್ನು ಗುರುತಿಸುವ ಪ್ರತಿಕಾಯದಲ್ಲಿ ನೆನೆಸಿ, ಬಣ್ಣ ಬರಿಸಬೇಕು. ಸರಿಯಾದ ತಳಿ ಇದ್ದ ಕಡೆ ಕಂಡೂ ಕಾಣದ ಕಲೆ. ಕೆಟ್ಟ ತಳಿ ಇದ್ದ ಕಡೆ ಕಾಡಿಗೆ ಇಟ್ಟಂಥ ಚುಕ್ಕೆ. ನೂರಾರು ಪೇಲವ ಕಲೆಗಳ ನಡುವೆ ಆ ಒಂದು ಚುಕ್ಕೆ ಮೂಡುವುದನ್ನು ನೋಡುತ್ತ ಊಟ ಮರೆತದ್ದುಂಟು.

ಹೀಗೆ ಸಿಕ್ಕಿದ ವಂಶವಾಹಿಗಳು ನಲವತ್ತಕ್ಕೂ ಹೆಚ್ಚು, ಅವಕ್ಕೆ ವಿಪಿಎಸ್ ಎಂದು ಹೆಸರಿಟ್ಟು ಸಂಖ್ಯೆ ಕೊಟ್ಟರು. ಅವುಗಳಲ್ಲಿ ಹತ್ತನೆಯದು ಸಿಪಿವೈಯ ವಿಳಾಸ ಓದುವ ಗ್ರಾಹಕ. ಅದು ಕೆಟ್ಟರೆ ಸಿಪಿವೈ ಬೀದಿಪಾಲಾಗುವುದು ಸಹಜ. ಒಗಟಾಗಿ ಉಳಿದದ್ದು 26, 29, 35, 5, 17 ಎಂಬ ಸಂಖ್ಯೆಯವು. ಇವು ಕೆಟ್ಟಾಗ ವಿಳಾಸ ಸರಿಯಿದೆ, ಗ್ರಾಹಕವೂ ತಯಾರಾಗುತ್ತದೆ, ಆದರೂ ಸಿಪಿವೈ ಹೊರಗೆ. 1998ರಲ್ಲಿ ಮ್ಯಾಥ್ಯೂ ಸೀಮನ್, ಎಮ್ರ್ ಮತ್ತು ಸಂಗಡಿಗರು ಒಗಟು ಬಿಡಿಸಿದರು. ಈ ಐದೂ ಸೇರಿ ಒಂದು ಕೂಟ. ಸಿಪಿವೈಯನ್ನು ಇಳಿಸಿ ಖಾಲಿಯಾದ ಗ್ರಾಹಕವನ್ನು ಎಂಡೋಸೋಮಿನಿಂದ ಗಾಲ್ಜಿಗೆ ವಾಪಸು ತರುವುದೇ ಅದರ ಕಸುಬು. ಕೂಟ ಕೆಟ್ಟರೆ ಗ್ರಾಹಕ ಹೋದವನು ಹೋದಲ್ಲೇ ಉಳಿದು ವ್ಯಾಕ್ಯೂಲಿನ ಪಾಲಾಗುತ್ತದೆ. ಗಾಲ್ಜಿಯಲ್ಲಿ ಸಿಪಿವೈ ಸಾಲುಗಟ್ಟಿ ನಿಂತಿದೆ, ತುಂಬಲು ಚೀಲವಿಲ್ಲ. ಕೂಟಕ್ಕೆ ರೆಟ್ರೋಮರ್ ಎಂದು ಹೆಸರಿಟ್ಟರು. ನಿಮ್ಮ ಕಚೇರಿಯ ನೆಲದ ಮೇಲೆ ಮೂರನೆಯ ದಿನ ರಾಶಿ ಬಿದ್ದ ಪತ್ರಗಳನ್ನು ಎಮ್ರ್ ಕಂಡದ್ದು ಯೀಸ್ಟಿನಲ್ಲಿ, ಅಷ್ಟೇ ವ್ಯತ್ಯಾಸ. ವಿಳಾಸ ಓದುವವರು ಎಷ್ಟೇ ಜಾಣರಿದ್ದರೂ ವಾಪಸು ದಾರಿ ಕಟ್ಟಿದರೆ ಹೋಗುವ ದಾರಿಯೂ ಕಟ್ಟುತ್ತದೆ ಎಂದು ನೀವು ಕೈಯಾರೆ ಕಂಡವರು.

ರೆಟ್ರೋಮರ್ ನೋಡಲು ಕಮಾನಿನಂತೆ. ವಿಪಿಎಸ್35 ಉದ್ದನೆಯ ಬಾಗಿದ ತೊಲೆ, ಒಂದು ತುದಿಗೆ 26, ಇನ್ನೊಂದು ತುದಿಗೆ 29. ಎರಡೆರಡು ಸೇರಿ ಕಮಾನು ಕಟ್ಟುತ್ತವೆ. ಕಮಾನುಗಳು ಸಾಲಾಗಿ ಕೊಳವೆಯ ಮೇಲೆ ನಿಂತಿರುವುದು 2018ರಲ್ಲಿ ಹಿಮದ ತಾಪಕ್ಕಿಂತ ಬಹಳ ಕೆಳಗೆ ತಣಿಸಿದ ಮಾದರಿಗಳ ಎಲೆಕ್ಟ್ರಾನ್ ಚಿತ್ರಗಳಲ್ಲಿ ಕಾಣಿಸಿತು. ಕಮಾನಿನ ಅಡಿಯಲ್ಲಿ ನೆಕ್ಸಿನ್ ಎಂಬ ಬಾಗಿದ ಪ್ರೋಟೀನುಗಳು ಪೊರೆಯನ್ನು ಕೊಳವೆಯಾಗಿ ಹಿಡಿದಿರುತ್ತವೆ. ಯೀಸ್ಟಿನ 5 ಮತ್ತು 17 ಆ ಜಾತಿಯವು. ಮನುಷ್ಯರಲ್ಲಿ ಕತೆ ಇಷ್ಟು ನೇರವಾಗಿಲ್ಲ. ಮ್ಯಾನೋಸ್-6-ಫಾಸ್ಫೇಟ್ ಗ್ರಾಹಕವನ್ನು ವಾಪಸು ತರುವುದು ರೆಟ್ರೋಮರ್ ಎಂದೇ ನಾವೆಲ್ಲ ಪಾಠ ಹೇಳುತ್ತಿದ್ದೆವು. 2017ರಲ್ಲಿ ಎರಡು ಪ್ರಯೋಗಾಲಯಗಳು ಬೇರೆ ಬೇರೆಯಾಗಿ, ರೆಟ್ರೋಮರ್ ಇಲ್ಲದೆಯೂ ನೆಕ್ಸಿನ್‌ಗಳೇ ಅದನ್ನು ತರುತ್ತವೆ ಎಂದು ವರದಿ ಮಾಡಿದವು. ಎಲ್ಲರೂ ಒಪ್ಪಿಲ್ಲ. ನನಗೆ ನೆಕ್ಸಿನ್ ಪಕ್ಷದ ಸಾಕ್ಷ್ಯ ಹೆಚ್ಚು ಗಟ್ಟಿಯೆನಿಸುತ್ತದೆ, ಆದರೂ ಮೊಮ್ಮಗಳು ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದಂತೆ ಬರೆಯಲಿ. ಅದೇ ವರ್ಷ ರಿಟ್ರೀವರ್ ಎಂಬ ಇನ್ನೊಂದು ಕೂಟವೂ ಬೆಳಕಿಗೆ ಬಂತು. ಹೊರಪೊರೆಗೆ ಮರಳಬೇಕಾದ ಕೆಲವು ಗ್ರಾಹಕಗಳಿಗೆ, ಎಲ್‌ಡಿಎಲ್ ಗ್ರಾಹಕವೂ ಅವುಗಳಲ್ಲಿ ಒಂದು, ಅದು ದಾರಿ ಮಾಡಿಕೊಡುತ್ತದೆ. ವಿಪಿಎಸ್29 ಎರಡೂ ಕಡೆ ದುಡಿಯುತ್ತದೆ.

ಈ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಪಾರ್ಕಿನ್ಸನ್. ಗಾಬರಿ ಬೇಡ. ವಿಪಿಎಸ್35ರ 620ನೆಯ ಮಣಿ ಬದಲಾದ ಕೆಲವು ಮನೆತನಗಳಲ್ಲಿ ಆ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ ಎಂದು 2011ರಲ್ಲಿ ಎರಡು ತಂಡಗಳು ಕಂಡುಕೊಂಡದ್ದು ನಿಜ. ಆದರೆ ಪಾರ್ಕಿನ್ಸನ್ ಬಂದವರಲ್ಲಿ ಅಂಥವರು ಬಹಳ ವಿರಳ. ಕೈ ನಡುಗುವ ಹಿರಿಯರೆಲ್ಲ ಈ ವಂಶವಾಹಿಯ ಪರೀಕ್ಷೆ ಮಾಡಿಸಬೇಕಾದ ಅಗತ್ಯವಿಲ್ಲ. ವಿಜ್ಞಾನಿಗಳಿಗೆ ಅದು ಮುಖ್ಯವಾದದ್ದು ಬೇರೆ ಕಾರಣಕ್ಕೆ. ನರಕೋಶದ ಬಾಹು ಒಂದು ಮೀಟರ್ ಉದ್ದವೂ ಇರಬಹುದು, ವಾಪಸು ಸಾಗಣೆ ಸ್ವಲ್ಪ ಎಡವಿದರೂ ದಶಕಗಳ ಮೇಲೆ ಅದರ ಬೆಲೆ ತೆರಬೇಕಾಗುತ್ತದೆ. ಐವತ್ತು ವರ್ಷ ಸುಮ್ಮನಿದ್ದ ತಪ್ಪು ಆಮೇಲೇಕೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಈಗಲೂ ಅಗೆಯುತ್ತಿದ್ದಾರೆ.

ವಾಪಸು ಬರಬಾರದ ಚೀಲಗಳೂ ಇರುತ್ತವೆ. ಹಳೆಯದಾದ, ಇಲ್ಲವೇ ಸಾಕುಮಾಡಬೇಕಾದ ಗ್ರಾಹಕದ ಬಾಲಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಕೋಶ ಅಂಟಿಸುತ್ತದೆ. ಅದನ್ನು ಓದುವ ಕೂಟಗಳ ಸರಣಿಗೆ ಎಸ್ಕಾರ್ಟ್ ಎಂದು ಹೆಸರು: ಸೊನ್ನೆ, ಒಂದು, ಎರಡು, ಮೂರು ಎಂದು ಕೈಯಿಂದ ಕೈಗೆ ದಾಟಿಸಿ, ಎಂಡೋಸೋಮಿನ ಪೊರೆಯನ್ನೇ ಒಳಮುಖವಾಗಿ ಚಿವುಟಿ, ಗ್ರಾಹಕವನ್ನು ಅದರ ಪೊರೆಸಮೇತ ಒಳಗೆ ಹಾಕಿ ಲೈಸೋಸೋಮಿಗೆ ಒಪ್ಪಿಸುತ್ತವೆ. ಇವೂ ಎಮ್ರ್ ಅವರ ಯೀಸ್ಟ್ ತಟ್ಟೆಗಳಿಂದಲೇ ಹೊರಬಂದವು, 2001–02ರಲ್ಲಿ. ಹೊರಗಿನವರ ಕಣ್ಣೂ ಇದರ ಮೇಲಿದೆ. ಎಚ್‌ಐವಿ ವೈರಸ್ ತನ್ನ ಪ್ರೋಟೀನಿನಲ್ಲಿ ಪಿ-ಟಿ-ಎ-ಪಿ ಎಂಬ ನಾಲ್ಕಕ್ಷರದ ಸುಳ್ಳು ವಿಳಾಸ ಬರೆದುಕೊಂಡು ಇದೇ ಕೂಟದ ಕೈಯಿಂದ ಪೊರೆ ಚಿವುಟಿಸಿಕೊಂಡು ಕೋಶದಿಂದ ಕಳಚಿಕೊಳ್ಳುತ್ತದೆ.

ಕೊನೆಗೆ ಹರಿದ ಚೀಲ. ಹೊಲಿಯುವವರು ಇದ್ದಾರೆ, ಈಗಷ್ಟೇ ಹೇಳಿದ ಎಸ್ಕಾರ್ಟ್ ಸರಣಿಯ ಮೂರನೆಯ ಕೂಟವೇ. ಹೊರಪೊರೆಯಲ್ಲಿ ಸಣ್ಣ ತೂತು ಬಿದ್ದರೆ ಅಲ್ಲಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದನ್ನು ಸುಳಿವು ಮಾಡಿಕೊಂಡು ಎಸ್ಕಾರ್ಟ್-3 ತೂತಿನ ಸುತ್ತ ಸೇರಿ, ಹರಿದ ಭಾಗವನ್ನು ಚಿವುಟಿ ಹೊರಗೆಸೆದು ಅಂಚು ಕೂಡಿಸುತ್ತದೆ. ಇದನ್ನು 2014ರಲ್ಲಿ ತೋರಿಸಿದರು. ಲೈಸೋಸೋಮಿನ ಪೊರೆ ಹರಿದಾಗಲೂ ಓಡಿಬರುವುದು ಅದೇ ಎಂದು 2018ರಲ್ಲಿ ಗೊತ್ತಾಯಿತು. ತೂತು ತೀರ ದೊಡ್ಡದಾಗಿ ಹೊಲಿಗೆ ನಿಲ್ಲದಿದ್ದರೆ ಲೈಸೋಸೋಮನ್ನು ಇಡಿಯಾಗಿ ಇನ್ನೊಂದು ಪೊರೆಯಲ್ಲಿ ಸುತ್ತಿ ಕೋಶ ಮತ್ತೊಂದು ಲೈಸೋಸೋಮಿಗೆ ಹಾಕುತ್ತದೆ.